ಡೋರ್ವಾ ನಕ್ಕಳೆಂಬ ವರದಿಯ ಬಗ್ಗೆ ತಿದ್ದುಪಡಿ

ನವೆಂಬರ್ 5, 2025, ಬುಧವಾರ

ಹಂಸಭಾವಿ: ರಸ್ತೆಯ ಮೇಲೆ ಒಣಗಲು ಹರವಿದ್ದ ಗೋವಿನಜೋಳದ ಮೇಲೆ ಸ್ಕೂಟರ್ ಜಾರಿ, ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿಯೊಬ್ಬರು ಬಲಗಾಲು ಮುರಿದುಕೊಂಡ ಘಟನೆ ಸೋಮವಾರ ಬೆಳಿಗ್ಗೆ ಗ್ರಾಮದ ಸಮೀಪ ನಡೆದಿದೆ.

ಮೇಲ್ವಿಚಾರಕಿ ನಾನೇ. ಎರಡು ದಿನ ಮೂರು ಪತ್ರಿಕೆ ನೋಡಿದೆ, ಸುದ್ದಿ ಬಂದಿಲ್ಲ. ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಜೋಳದ ಯಜಮಾನ ಮೊದಲು ಕಾಳು ಬಳಿದುಕೊಂಡ, ಆಮೇಲೆ ನನ್ನನ್ನು ಎತ್ತಿದ. ಇದೂ ದಾಖಲಾಗಿರಲಿ.

ಆರು ವಾರ ಪ್ಲಾಸ್ಟರ್. ನೋಡಿಕೊಳ್ಳಲು ಅವ್ವ ದುಂಡಸಿಯಿಂದ ಟ್ರಂಕ್ ಸಮೇತ ಬಂದಿದ್ದಾಳೆ. ಒಳಗೆ ಬಂದವಳೇ ಕೇಳಿದ್ದು, “ಎಷ್ಟು ಕಾಳು ತುಳದಿ?”

ನವೆಂಬರ್ 8, ಶನಿವಾರ

ಟೆಂಡರ್ ಪ್ರಕಟಣೆ, ನಿಧನ ವಾರ್ತೆ ಸಮೇತ ಇಡೀ ಪತ್ರಿಕೆ ಓದಿ ಮುಗಿಸಿದಾಗ ಇನ್ನೂ ಹತ್ತೂವರೆ. ಬೇರೆ ಕೆಲಸವಿಲ್ಲದೆ ಲ್ಯಾಪ್‌ಟಾಪಿನಲ್ಲಿ ‘ಡೋರ್ವಾ ವಾರ್ತೆ’ ಎಂದು ಹುಡುಕಿದೆ. ಸಿಗುತ್ತದೆ ಅಂದುಕೊಂಡಿರಲಿಲ್ಲ. ಸಿಕ್ಕಿತು.

ವಿವರ ಬರೆದಿಡುತ್ತೇನೆ. 2006ರಲ್ಲಿ ಸವಣೂರಿನಲ್ಲಿ ಬಿ.ಎ. ಓದುವಾಗ ನಾನು ಮತ್ತು ಸಹಪಾಠಿ ಮದಿಹಾ ಸೇರಿ ಮಾಡಿದ ವೆಬ್‌ಸೈಟ್ ಅದು. ಬಸ್‌ಸ್ಟ್ಯಾಂಡಿನ ಎದುರು ಕರೀಮಸಾಬರ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದರಲ್ಲಿ ಅವರು ಮದುವೆ ಕಾರ್ಡು ಟೈಪ್ ಮಾಡುತ್ತಿದ್ದರು, ಇನ್ನೊಂದನ್ನು ತಾಸಿನ ಮೇಲೆ ಬಾಡಿಗೆ ಕೊಡುತ್ತಿದ್ದರು. ಬಾಡಿಗೆಯದರಲ್ಲಿ ‘ಸಾಲ್ಟ್‌ರೈಡರ್ಸ್’ ಎಂಬ ಆಟವಿತ್ತು. ಉಪ್ಪಿನ ವ್ಯಾಪಾರಿಗಳು, ಡಕಾಯಿತರು, ಬರೀ ಹೊಡೆದಾಟ. ಮೂರನೇ ಹಂತದಲ್ಲಿ ಒಂದು ಹಗ್ಗದ ಸೇತುವೆ ಬರುತ್ತದೆ. ಅದರ ಬಾಯಲ್ಲಿ ಡೋರ್ವಾ ಎಂಬ ಹೆಂಗಸು ನಿಂತಿರುತ್ತಾಳೆ. ಹೇಸರಗತ್ತೆ ಬಾಡಿಗೆಗೆ ಕೊಡುತ್ತಾಳೆ, ಹಗ್ಗ ಬಿಗಿಯುತ್ತಾಳೆ, ನಾಲ್ಕು ಮಾತು ಆಡುತ್ತಾಳೆ. ಅಲ್ಲಿಗೆ ಅವಳ ಪಾತ್ರ ಮುಗಿಯಿತು. ಮುಖ ಸದಾ ಗಂಟು.

ಮೊದಲ ದಿನವೇ ಮದಿಹಾ ಅಂದಿದ್ದಳು, “ಸುಜ್ಜಿ, ಎಲ್ಲಾರೂ ಕತ್ತಿ ಹಿಡಕೊಂಡು ಓಡ್ಯಾಡಾಕತ್ತಾರ ನೋಡ. ಕೆಲಸಾ ಮಾಡಾಕಿ ಇಕಿ ಒಬ್ಬಾಕಿನ.”

ಅವಳಿಗಾಗಿ ಒಂದು ಪತ್ರಿಕೆ ಬೇಕು ಅನ್ನಿಸಿತು. ವೆಬ್‌ಸೈಟನ್ನು ದಿನಪತ್ರಿಕೆಯ ಹಾಗೇ ಮಾಡಿದೆವು. ಮೇಲೆ ಹೆಸರು, ತಾರೀಖು, ‘ಬೆಲೆ: ಪುಕ್ಕಟೆ’. ಸಂಪಾದಕಿ ಸುಜಾತಾ, ಸಹ ಸಂಪಾದಕಿ ಮದಿಹಾ. ಆಗ ಬೇರೆ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಹಾಗಾಗಿ ಸುದ್ದಿ ಟೈಪ್ ಮಾಡಿ, ಅದರ ಚಿತ್ರ ತೆಗೆದು ಏರಿಸುತ್ತಿದ್ದೆವು. ಆ ಚಿತ್ರಗಳೆಲ್ಲ ಹಾಗೇ ಇವೆ. ‘ಸೇತುವೆ ಹಗ್ಗ ಸಡಿಲ: ಡೋರ್ವಾ ಕಳವಳ’ ಎಂಬ ನನ್ನ ತಲೆಬರಹ ಇವತ್ತಿಗೂ ಚೊಲೋ ಇದೆ. ಪ್ರಸಾರ ಸಂಖ್ಯೆ ಹನ್ನೊಂದು.

ಕೆಳಗೆ ಒಂದು ಸೂಚನೆ ಇದೆ: ಈ ಉಚಿತ ಸೇವೆ ಡಿಸೆಂಬರ್ 20ಕ್ಕೆ ನಿಲ್ಲುತ್ತದೆ, ಆಮೇಲೆ ಎಲ್ಲವನ್ನೂ ಅಳಿಸುತ್ತಾರೆ.

ಅಷ್ಟರೊಳಗೆ ಇದನ್ನು ಎತ್ತಿ ಬೇರೆ ಕಡೆ ನಿಲ್ಲಿಸಬೇಕು. ಹಳೆಯ ದಾಖಲೆ ಉಳಿಸುವುದು ನನ್ನ ವೃತ್ತಿ. ಬೇರೆ ಕಾರಣವಿಲ್ಲ.

ನವೆಂಬರ್ 9, ರವಿವಾರ

ಮದಿಹಾಳ ಬಗ್ಗೆ ಇಲ್ಲಿ ಬರೆಯುವ ಉದ್ದೇಶವಿಲ್ಲ. ಆದರೆ ವೆಬ್‌ಸೈಟ್ 2007ರ ಜೂನ್‌ಗೆ ಯಾಕೆ ನಿಂತಿತು ಎಂಬುದು ದಾಖಲಾಗಬೇಕು.

ಪರೀಕ್ಷೆ ಮುಗಿದು ನಾನು ಹಿರೇಕೆರೂರಿಗೆ ಸೋದರಮಾವನ ಮನೆಗೆ ಬಂದಿದ್ದೆ. ನಾನಿಲ್ಲದಾಗ ಆಕೆ ಮುಖಪುಟದಲ್ಲಿ ಒಂದು ಸುದ್ದಿ ಹಾಕಿದಳು: ‘ಡೋರ್ವಾ ನಕ್ಕಳು!’ ಹೊಳೆ ದಾಟಿ ವಾಪಸ್ ಬಂದರೆ ಡೋರ್ವಾ ನಗುತ್ತಾಳಂತೆ, ಕಣ್ಣಾರೆ ಕಂಡಳಂತೆ. ಚಿತ್ರವಿಲ್ಲ, ಸಾಕ್ಷಿಯಿಲ್ಲ. ಹಿರೇಕೆರೂರಿನ ಸೈಬರ್‌ನಲ್ಲಿ ಕೂತು ನಾನು ಐದು ಸಲ ದಾಟಿ ವಾಪಸ್ ಬಂದೆ. ಐದು ಸಲವೂ ಗಂಟು ಮುಖ.

ಸುದ್ದಿ ತೆಗೆದೆ. ಅದರ ಜಾಗದಲ್ಲಿ ಕೆಂಪು ಅಕ್ಷರ ಎಡದಿಂದ ಬಲಕ್ಕೆ ಓಡುವಂತೆ ಹಾಕಿದೆ: ‘ತಿದ್ದುಪಡಿ: ಡೋರ್ವಾ ನಕ್ಕಳೆಂದು ಸಹ ಸಂಪಾದಕಿ ಬರೆದದ್ದು ಶುದ್ಧ ಸುಳ್ಳು. ಓದುಗರು ಕ್ಷಮಿಸಬೇಕು.’

ಆಕೆ ಕರೀಮಸಾಬರ ಅಂಗಡಿಯಿಂದ ಮಾವನ ಮನೆಗೆ ಫೋನ್ ಮಾಡಿದಳು. “ಪತ್ರಿಕೆ ವಿಷಯ ಫೋನಿನಾಗ ಬ್ಯಾಡ. ಏನಿದ್ರೂ ‘ವಾಚಕರ ವಾಣಿ’ಯೊಳಗ ಬರದು ಕೊಡು” ಎಂದು ಇಟ್ಟೆ. ವೆಬ್‌ಸೈಟಿನಲ್ಲಿ ಬಂದವರು ನಾಲ್ಕು ಸಾಲು ಬರೆದು ಹೋಗುವ ಪುಟಕ್ಕೆ ನಾವಿಟ್ಟ ಹೆಸರು ‘ವಾಚಕರ ವಾಣಿ’.

ಆಕೆ ಬರೆಯಲಿಲ್ಲ. ಮರುವರ್ಷ ಆಕೆಯ ನಿಖಾ ಆಯಿತೆಂದು ಯಾರೋ ಹೇಳಿದರು. ನನಗೆ ಕಾರ್ಡು ಬಂದಿರಲಿಲ್ಲ. ಕರೆಯುವುದು ಬಿಡುವುದು ಅವರವರ ಇಷ್ಟ.

ಕೆಂಪು ಅಕ್ಷರ ಹದಿನೆಂಟು ವರ್ಷದಿಂದ ಓಡುತ್ತಲೇ ಇದೆ.

ನವೆಂಬರ್ 13, ಗುರುವಾರ

ಪಾಸ್‌ವರ್ಡ್ ಸಿಕ್ಕಿತು! ಆಗ ಅದನ್ನು ಯಾರಿಗೂ ಗೊತ್ತಾಗದಂತೆ ಪತ್ರಿಕೆಯ ಪದಬಂಧದ ಚೌಕಗಳಲ್ಲಿ ತುಂಬಿ, ಆ ಹಾಳೆಯನ್ನು ನನ್ನ ಕಾಲೇಜಿನ ಟ್ರಂಕಿನ ತಳಕ್ಕೆ ಹಾಸಿದ್ದೆ. ಈಗ ಅದೇ ಟ್ರಂಕಿನಲ್ಲಿ ಅವ್ವ ಸೀರೆ ಇಡುತ್ತಾಳೆ.

“ಯವ್ವಾ, ಸೀರಿ ತಗಿ ಒಂದೀಟ. ತಳದಾಗಿನ ಪೇಪರ್ ಬೇಕಾಗೇತಿ.”

“ಇವತ್ತಿನ ಪೇಪರ್ ಸಾಲಲಿಲ್ಲೇನ ನಿನಗ?”

ಯಾಕೆಂದು ವಿವರಿಸಿದೆ. ಅವ್ವ ಪೂರ್ತಿ ಕೇಳಿದಳು. “ಡೋರ್ವಾ ಅಂದ್ರ ಯಾರ ಮನಿ ಹೆಣಮಗಳು?”

“ಆಟದಾಗಿನಾಕಿ.”

“ಮದಿಹಾ ಎಲ್ಲದಾಳ ಈಗ? ನಾ ಬಡದ ರೊಟ್ಟಿ ನಾಕ ತಿಂತಿತ್ತು ಆ ಹುಡುಗಿ.”

ಗೊತ್ತಿಲ್ಲ ಅಂದೆ.

ನವೆಂಬರ್ 17, ಸೋಮವಾರ

ನಲವತ್ತೆರಡು ಪುಟ ಹೊಸ ಜಾಗಕ್ಕೆ ಸಾಗಿಸಿದೆ. ಕೆಂಪು ಅಕ್ಷರವನ್ನೂ ಸಾಗಿಸಿದೆ. ದಾಖಲೆಯನ್ನು ನಮಗೆ ಬೇಕಾದಂತೆ ತಿದ್ದಬಾರದು.

ಉಳಿದದ್ದು ‘ವಾಚಕರ ವಾಣಿ’. ಅದರಲ್ಲಿ 214 ಬರಹಗಳಿವೆ. ಬಹುತೇಕ ತೂಕ ಇಳಿಸುವ ಗುಳಿಗೆ, ಲಾಟರಿ, ಪರದೇಶದ ಜಾಹೀರಾತು. ಕೆಲವು ಯಾವ ಭಾಷೆಯೋ ತಿಳಿಯುವುದಿಲ್ಲ: ಇಂಗ್ಲಿಷ್ ಅಕ್ಷರಗಳ ತಲೆಗೆ ಟೊಪ್ಪಿಗೆ, ಎರಡೆರಡು ಚುಕ್ಕೆ, ನಡುನಡುವೆ ಪೌಂಡಿನ ಗುರುತು. ಇಂಥದ್ದನ್ನು 2007ರಲ್ಲೇ ನೋಡಿದ ನೆನಪಿದೆ. ಎಲ್ಲಾ ಕಸ.

ಆದರೆ ಕಸವನ್ನೂ ಸುಮ್ಮನೆ ಚೆಲ್ಲುವವಳಲ್ಲ ನಾನು. ಗ್ರಂಥಾಲಯದಲ್ಲಿ ಗೆದ್ದಲು ಹಿಡಿದ ಪುಸ್ತಕವನ್ನು ರದ್ದಿಗೆ ಹಾಕುವಾಗಲೂ ಪಟ್ಟಿ ಮಾಡಿ ಇಬ್ಬರ ಸಹಿ ಹಾಕಿಸುತ್ತೇನೆ. 214ನ್ನೂ ಪಟ್ಟಿ ಮಾಡಿ, ನಾನು ಸಹಿ ಹಾಕಿ, ಇನ್ನೊಂದು ಸಹಿಗೆ ಮನೆಯವರನ್ನು ಕೇಳಿದೆ.

ನಮ್ಮ ಮನೆಯವರು ಕುಬೇರಪ್ಪ, ಬಸ್ ಕಂಡಕ್ಟರ್. ಹಿರೇಕೆರೂರಿನಿಂದ ಹಾನಗಲ್ಲ, ಶಿಗ್ಗಾವಿ ಮಾರ್ಗವಾಗಿ ಸವಣೂರಿಗೆ ದಿನಾ ಹೋಗಿ ಬರುತ್ತಾರೆ. ಕನ್ನಡಕ ಏರಿಸಿ ಲ್ಯಾಪ್‌ಟಾಪ್ ನೋಡಿದರು.

“ಇದರಾಗ ಏನ್ ಬರದಾರ?”

“ಏನೂ ಬರದಿಲ್ರಿ. ಕಸಾ ಅದು.”

“ಓದಾಕ ಬರಲಾರದ್ದಕ್ಕ ನಾ ಸಹಿ ಮಾಡಂಗಿಲ್ಲ. ಹರಕ ನೋಟು ಅಂದ್ರೂ ತಿರುವಿ ನೋಡೇ ತಗೋತೇನಿ.”

ಹಟ. ಕೊನೆಗೆ ಕರೀಮಸಾಬರಲ್ಲಿ ಪ್ರಿಂಟ್ ತೆಗೆಸಿ ತರುತ್ತೇನೆ, ಕಾಗದದ ಮೇಲೆ ನೋಡಿ ಹೇಳುತ್ತೇನೆ ಅಂದರು. ಸವಣೂರಿನಲ್ಲಿ ಬಸ್ಸು ನಲವತ್ತು ನಿಮಿಷ ನಿಲ್ಲುತ್ತದೆ.

ಪ್ರಾಸಂಗಿಕ: ಅವರ ಕನ್ನಡಕ ಶಿಗ್ಗಾವಿಯ ‘ನೂರ್ ಕನ್ನಡಕ’ದ್ದು. ಅಲ್ಲಿಯೇ ಮಾಡಿಸಿಕೊಳ್ಳಿ ಎಂದು ಮೂರು ವರ್ಷದ ಹಿಂದೆ ನಾನೇ ಹೇಳಿದ್ದೆ. ಅಂಗಡಿ ಚೊಲೋ ಎಂದು ಕೇಳಿದ್ದೆ.

ನವೆಂಬರ್ 19, ಬುಧವಾರ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಮಧ್ಯಾಹ್ನ ಕರೀಮಸಾಬರು ಪ್ರಿಂಟ್ ತೆಗೆಯುತ್ತಿದ್ದರು. ಮನೆಯವರು ಚಹಾ ಕುಡಿಯುತ್ತಿದ್ದರು. ಒಂಬತ್ತನೇ ಹಾಳೆ ಬಂದಾಗ ಕರೀಮಸಾಬರು ಅದನ್ನು ಕೈಯಲ್ಲಿ ಹಿಡಿದು ನಗತೊಡಗಿದರಂತೆ.

“ಕಂಡಕ್ಟರ್ ಸಾಹೇಬ್ರ, ನಿಮ್ಮ ಮನಿಯಾಕಿಗೆ ಯಾರೋ ಬೈದಾರಲ್ರಿ.”

“ಎಲ್ಲಿ ಬೈದಾರ?”

“ಇಲ್ಲೇ. ‘ಸುಜ್ಜಿ, ನೀ ಸಂಪಾದಕಿ ಅಲ್ಲ, ಮೊಂಡ ಹೇಸರಗತ್ತಿ.’”

ಮನೆಯವರು ಹಾಳೆ ನೋಡಿದರು. ಟೊಪ್ಪಿಗೆ, ಚುಕ್ಕೆ, ಪೌಂಡು.

“ಇದು ಕಸಾ ಅಲ್ಲರಿ, ಕನ್ನಡ,” ಅಂದರಂತೆ ಕರೀಮಸಾಬರು. “ನಾವು ಕಾರ್ಡಿಗೆ ಟೈಪ್ ಮಾಡ್ತಿದ್ದ ಹಳೇ ಅಕ್ಷರ. ಆ ಅಕ್ಷರ ಇಲ್ಲದ ಕಂಪ್ಯೂಟರಿನಾಗ ಹಿಂಗs ಕಾಣತೈತಿ. ಇಪ್ಪತ್ತೈದು ವರ್ಷ ಇದನ್ನs ತಿದ್ದೇನಿ, ಹಿಂಗಿದ್ರೂ ಓದತೇನಿ. ಈ ಪೌಂಡ್ ಐತಲ್ಲ, ಇದು ‘ನ’.”

ಆಮೇಲೆ ಇಡೀ ಹಾಳೆಯನ್ನು ದಿನಪತ್ರಿಕೆ ಓದಿದಂತೆ ಗಟ್ಟಿಯಾಗಿ ಓದಿದರಂತೆ. ಅಂಗಡಿಯಲ್ಲಿ ಲಗ್ನದ ಕಾರ್ಡಿಗೆ ಬಂದ ನಾಲ್ಕು ಮಂದಿ ಇದ್ದರು. ಅವರಿಗೂ ಕೇಳಿಸಿತು.

ಒಟ್ಟು ಎಂಟು ಬರಹ, ಎಲ್ಲವೂ ಮದಿಹಾಳವು. ಅಂಗಡಿಯ ಕಂಪ್ಯೂಟರಿನಲ್ಲಿ ಆ ಅಕ್ಷರ ಕಾಯಂ ಕೂರಿಸಿದ್ದರಿಂದ ಆಕೆಗೆ ಅಲ್ಲಿ ಕನ್ನಡವಾಗಿಯೇ ಕಂಡಿದೆ. ನನಗೆ ಹಿರೇಕೆರೂರಿನಲ್ಲಿ ಕಸವಾಗಿ ಕಂಡಿದೆ. ಬರೆದು ಕೊಡು ಅಂದಿದ್ದೆ. ಬರೆದು ಕೊಟ್ಟಿದ್ದಳು.

ಕರೀಮಸಾಬರು ಎಂಟನ್ನೂ ಹೊಸ ಅಕ್ಷರದಲ್ಲಿ ಟೈಪ್ ಮಾಡಿ ಲಕೋಟೆಯಲ್ಲಿ ಕಳಿಸಿದ್ದಾರೆ. ಇನ್ನೂ ತೆರೆದಿಲ್ಲ.

“ಆಕಿ ಈಗ ಶಿಗ್ಗಾವ್ಯಾಗ ಕನ್ನಡಕದ ಅಂಗಡಿ ಇಟ್ಟಾಳಂತ,” ಅಂದರು ಮನೆಯವರು. ಆಮೇಲೆ ತಮ್ಮ ಕನ್ನಡಕ ತೆಗೆದು, ಅದರ ಡಬ್ಬಿ ನೋಡಿ, ನನ್ನ ಮುಖ ನೋಡಿದರು.

ನಾನು ಪತ್ರಿಕೆ ಓದುತ್ತಿದ್ದೆ.

“ಪೇಪರ್ ಉಲ್ಟಾ ಹಿಡದಿ,” ಅಂದಳು ಅವ್ವ.

ನವೆಂಬರ್ 20, ಗುರುವಾರ

ತೆರೆದೆ.

ಮೊದಲನೆಯದು, ಜುಲೈ 2007: “ಸುಜ್ಜಿ, ಕೆಂಪ ಅಕ್ಷರ ನೋಡಿದೆ. ಊರೆಲ್ಲಾ ನೋಡೇತಿ, ಅಂದ್ರ ಹನ್ನೊಂದ ಮಂದಿ. ನಾ ಸುಳ್ಳ ಹೇಳಿಲ್ಲ. ಹೇಸರಗತ್ತಿ ಮ್ಯಾಲ ಏನೂ ಹೇರಬ್ಯಾಡ. ಎಲ್ಲಾ ನೀನs ಹೊತ್ಕೊಂಡು ಹೊಳಿ ದಾಟು, ವಾಪಸ್ ಬಾ. ಖಾಲಿ ಬೆನ್ನ ನೋಡಿ ಆಕಿ ನಗ್ತಾಳ. ನೋಡಿ ನನಗ ಹೇಳು.”

ಮೊಂಡ ಹೇಸರಗತ್ತೆ ಎಂಬುದು ಮೂರನೆಯದರಲ್ಲಿದೆ. ಐದನೆಯದರಲ್ಲಿ ಬರೀ ಒಂದು ಸಾಲು: “ಓದಾಕತ್ತಿ ಅಂತ ಗೊತ್ತೈತಿ.”

ಎಂಟನೆಯದು, ಮೇ 2008: “ನನ್ನ ನಿಖಾ ಐತಿ, ಇದೇ 18ಕ್ಕ, ರವಿವಾರ, ಸವಣೂರಾಗ. ಅವ್ವಗ ಕರಕೊಂಡು ಬಾ. ಕಾರ್ಡಿನ್ಯಾಗ ನಿನ್ನ ಹೆಸರ ನಾನs ಬರೀಬೇಕಂತ ಇಟ್ಟೇನಿ, ವಿಳಾಸ ಕಳಸು. ಡೋರ್ವಾ ನಗೋದು ನೋಡಿದ್ರೂ ಬಾ, ನೋಡದಿದ್ರೂ ಬಾ.”

ನವೆಂಬರ್ 21, ಶುಕ್ರವಾರ

ಬರೆಯುವಂಥದ್ದೇನಿಲ್ಲ. ಪತ್ರಿಕೆ ಓದಲಿಲ್ಲ.

ನವೆಂಬರ್ 26, ಬುಧವಾರ

ತಪ್ಪು ನನ್ನದಾಗಿದ್ದರೆ ತಿದ್ದುಪಡಿ ಹಾಕಬೇಕು. ಆದರೆ ಪುರಾವೆ ಇಲ್ಲದೆ ಹಾಕುವಂತಿಲ್ಲ. ಹಳೆಯ ಆಟವನ್ನು ಈಗ ಪುಕ್ಕಟೆ ಕೊಡುತ್ತಾರೆ. ಇಳಿಸಿಕೊಂಡಿದ್ದೇನೆ.

ಎಲ್ಲ ನಾವೇ ಹೊತ್ತರೆ ನಡಿಗೆ ಬಹಳ ನಿಧಾನ. ಉಪ್ಪಿನ ಮೂಟೆ ಏಳು, ಡೇರೆ ಒಂದು, ಹಗ್ಗ ಮೂರು ಸುರುಳಿ. ಡಕಾಯಿತರು ಬಂದರೆ ಓಡುವಂತಿಲ್ಲ. ಇವತ್ತು ಒಂಬತ್ತು ಸಲ ಸತ್ತೆ.

ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಪಕ್ಕಕ್ಕೆ ಬಂದು ಕೂತಳು.

“ಹೇಸರಗತ್ತಿ ಬರಿಗೈಲೆ ಹೊಂಟೈತಿ, ನೀ ಏಳು ಚೀಲ ಹೊತ್ತಿ. ಶ್ಯಾಣ್ಯಾ ಯಾರು ಇದರಾಗ?”

“ಹಂಗ ಮಾಡಬೇಕಂತ ಬರದಾಳವ್ವ.”

“ಯಾರು?”

“ಮದಿಹಾ.”

“ಹಂಗಾರ ಮಾಡು,” ಅಂದಳು.

ಡಿಸೆಂಬರ್ 2, ಮಂಗಳವಾರ

ದಾಟಿದೆ! ವಾಪಸೂ ಬಂದೆ. ಹೇಸರಗತ್ತೆಯ ಮೇಲೆ ಒಂದು ಮೂಟೆಯೂ ಇರಲಿಲ್ಲ. ಡೋರ್ವಾ ನೋಡಿದಳು. ಅವ್ವ ಸೌಟು ಹಿಡಿದೇ ನಿಂತಿದ್ದಳು.

ಡೋರ್ವಾ ಮುಖ ತಿರುಗಿಸಿ ಹಗ್ಗ ಬಿಗಿಯತೊಡಗಿದಳು.

ಡಿಸೆಂಬರ್ 4, ಗುರುವಾರ

ಮತ್ತೆ ದಾಟಿದೆ. ನಗಲಿಲ್ಲ.

“ಅಂಗಡಿ ಮುಂದs ಬಸ್ ನಿಲ್ತೈತಿ. ಇಳದು ಕೇಳ್ಕೊಂಡು ಬರಲೇನ?” ಅಂದರು ಮನೆಯವರು.

ಬ್ಯಾಡ್ರಿ ಅಂದೆ. ಇಷ್ಟು ವರ್ಷ ಬಿಟ್ಟು ಮತ್ತೆ ‘ಪುರಾವೆ ಎಲ್ಲಿ’ ಎಂದು ಕೇಳಲು ಆಳು ಕಳಿಸುವುದು ಸರಿಯಲ್ಲ.

ಡಿಸೆಂಬರ್ 6, ಶನಿವಾರ

ಹೊಸ ಜಾಗದಲ್ಲಿ ‘ಡೋರ್ವಾ ವಾರ್ತೆ’ ಇವತ್ತು ಬೆಳಿಗ್ಗೆ 8.15ಕ್ಕೆ ಪುನಃ ಪ್ರಕಟವಾಯಿತು. ಹಳೆಯ ಕೆಂಪು ಸಾಲು ತೆಗೆದೆ. ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ, ಅದೇ ಕೆಂಪಿನಲ್ಲಿ ಹೊಸದು ಓಡುತ್ತಿದೆ:

‘ತಿದ್ದುಪಡಿ: ಡೋರ್ವಾ ನಗುತ್ತಾಳೆ. ನೋಡಿದವರು: ಮದಿಹಾ. ಇದನ್ನು ಸುಳ್ಳೆಂದು 2007ರಲ್ಲಿ ಪ್ರಕಟಿಸಿದ್ದು ಸಂಪಾದಕಿ ಸುಜಾತಾಳ ತಪ್ಪು. ನಿಖಾಕ್ಕೆ ಬಾರದಿದ್ದದ್ದೂ ಅವಳದೇ ತಪ್ಪು.’

ಮೊದಲ ವಾಕ್ಯಕ್ಕೆ ನನ್ನಲ್ಲಿ ಪುರಾವೆ ಇಲ್ಲ. ಹಾಕಿದ್ದೇನೆ.

‘ಸಹ ಸಂಪಾದಕಿ’ ಎಂಬುದನ್ನೂ ತೆಗೆದೆ. ಈಗ ‘ಸಂಪಾದಕಿಯರು’ ಎಂದು ಎರಡು ಹೆಸರಿವೆ. ಅಕಾರಾದಿಯಲ್ಲಿ ಮದಿಹಾ ಮೊದಲು ಬರುತ್ತದೆ, ಅದಕ್ಕೇ ಮೊದಲು ಹಾಕಿದೆ.

ಪತ್ರಿಕೆಯವರು ಸಂಬಂಧಪಟ್ಟವರಿಗೆ ಗೌರವ ಪ್ರತಿ ಕಳಿಸುವುದು ವಾಡಿಕೆ. ಮುಖಪುಟವನ್ನು ಪ್ರಿಂಟ್ ಮಾಡಿಸಿ ಶಿಗ್ಗಾವಿಯಲ್ಲಿ ಕೊಡಿ ಎಂದು ಮನೆಯವರಿಗೆ ಹೇಳಿದ್ದೇನೆ.

ಡಿಸೆಂಬರ್ 8, ಸೋಮವಾರ

ಕೊಟ್ಟರಂತೆ.

“ಏನಂದ್ಳು?”

“ಓದಿದ್ಳು. ಇನ್ನೊಮ್ಮೆ ಓದಿದ್ಳು. ಆಮ್ಯಾಲ ‘ಕುಂದರ್ರಿ, ನಿಮ್ಮ ಕಣ್ಣ ನೋಡಿ ಭಾಳ ದಿನಾತು’ ಅಂದ್ಳು.”

“ಕಣ್ಣ?”

“ಕುಂತೆ. ಕೆಳಗಿನ ಸಾಲು ಓದ್ರಿ ಅಂದ್ಳು, ಓದಿದೆ. ಹೊರಗ ಡ್ರೈವರ್ ಹಾರ್ನ್ ಬಾರ್ಸಾಕತ್ತ. ಆಕಿ ತಲಿ ಎತ್ತಲಿಲ್ಲ, ಕಣ್ಣ ಒರಸ್ಕೋತ ಕುಂತಿದ್ಳು. ಬಸ್ ಹನ್ನೊಂದ ನಿಮಿಷ ಲೇಟ್ ಆತು ನಿನ್ನ ಪತ್ರಿಕಿ ಸಲುವಾಗಿ.”

“ಕಡೀಕ ಏನರ ಅಂದಿರಬೇಕಲ್ರಿ.”

“ರವಿವಾರ ಬಸ್ ಎಷ್ಟಕ್ಕೈತಿ ಅಂತ ಕೇಳಿದ್ಳು.”

ಡಿಸೆಂಬರ್ 13, ಶನಿವಾರ

ಮನೆ ಸ್ವಚ್ಛವಾಗಿದೆಯೇ ಎಂದು ಮಂಚದ ಮೇಲಿಂದ ಕಾಣುವಷ್ಟು ನೋಡಿದೆ. ಪ್ಲಾಸ್ಟರ್ ಮೇಲೆ ಬಿದ್ದಿದ್ದ ಚಹಾದ ಕಲೆ ಉಜ್ಜಿದೆ, ಹೋಗಲಿಲ್ಲ. ಅವ್ವ ಎಷ್ಟು ರೊಟ್ಟಿ ಬಡಿಯಲಿ ಎಂದು ಮೂರು ಸಲ ಕೇಳಿದಳು.

ಡಿಸೆಂಬರ್ 14, ರವಿವಾರ

ಮದಿಹಾ 10.40ಕ್ಕೆ ಬಂದಳು. ಕೈಯಲ್ಲಿ ಕುರುಕಲಿಗೆ ಸವಣೂರಿನ ಖಾರದ ಪೊಟ್ಟಣ. ಮೊದಲಿಗಿಂತ ದಪ್ಪಗಾಗಿದ್ದಾಳೆ. ನಾನೂ ಆಗಿದ್ದೇನೆ.

ಬಾಗಿಲಲ್ಲಿ ಅವ್ವ ನಿಂತಿದ್ದಳು. “ಎಲ್ಲಿ ಹೋಗಿದ್ದಿ ಯವ್ವಾ ಇಷ್ಟ ದಿನ? ರೊಟ್ಟಿ ಆರಿ ಹೋದ್ವು.”

“ಬಿಸಿ ಮಾಡ್ರಿ ಅವ್ವಾ, ತಿಂತೇನಿ,” ಅಂದಳು ಆಕೆ.

ನನ್ನ ಕಾಲು ನೋಡಿದಳು. “ಹೇಸರಗತ್ತಿ ಬೀಳಂಗ ಬಿದ್ದೀಯಲ್ಲ ಸುಜ್ಜಿ.”

ಹೇಳಬೇಕೆಂದು ನಾಲ್ಕು ವಾಕ್ಯ ಸಿದ್ಧ ಮಾಡಿಟ್ಟಿದ್ದೆ. ಹೇಳಿದ್ದು ಐದನೆಯದು. “ಅಕ್ಷರ ಕಸದಂಗ ಕಾಣ್ತಿದ್ವು” ಅಂದೆ. “ಕರೀಮ ಚಾಚಾ ಹೇಳ್ಯಾರ” ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಖಾರ ತಿಂದೆವು.

ಬಂದ ಅರ್ಧ ತಾಸಿಗೆ ಮೊದಲ ಜಗಳ. ನಾನು ಹೊಸದಾಗಿ ಬರೆದ ಪುಟದಲ್ಲಿ ಹೇಸರಗತ್ತೆಯ ಎಡಗಿವಿ ಸೊಟ್ಟ ಎಂದಿದೆ, ಅದು ಬಲಗಿವಿಯಂತೆ. ನೋಡಲು ಆಟ ತೆರೆದೆವು. ಬಲಗಿವಿಯೇ. ಏನೂ ಹೇರದೆ ಎರಡು ಸಲ ದಾಟಿದರೂ ಡೋರ್ವಾ ನಗಲಿಲ್ಲ ಎಂದೂ ಹೇಳಿದೆ.

“ಇದು ನಿನ್ನ ಹೇಸರಗತ್ತಿ?” ಅಂದಳು ಪರದೆ ನೋಡುತ್ತ. “ಏನೂ ಹೇರಿಲ್ಲಂದಿ.”

“ಹೇರಿಲ್ಲ.”

“ಕೊರಳಾಗ ಏನದು?”

ಕಂದೀಲು. ಅದು ಮೊದಲಿನಿಂದ ಅಲ್ಲೇ ತೂಗುತ್ತಿರುತ್ತದೆ. ಅದನ್ನು ನಾನು ಹೊರೆ ಎಂದು ಎಣಿಸಿಯೇ ಇರಲಿಲ್ಲ.

“ಹೇಸರಗತ್ತಿಗೆ ಕೇಳು, ಹೊರಿ ಹೌದೋ ಅಲ್ಲೋ,” ಅಂದಳು ಮದಿಹಾ. ಕಂದೀಲು ಬಿಚ್ಚಿ ನಮ್ಮ ವ್ಯಾಪಾರಿಯ ಕೈಗೆ ಕೊಟ್ಟಳು. ಹೋಗುವಾಗ ಆಕೆ ನಡೆಸಿದಳು, ಬರುವಾಗ ನಾನು. ಡಕಾಯಿತರು ಬಂದಾಗ ಅವ್ವ ಹಿಂದಿನಿಂದ “ಓಡ್ರಿ, ಓಡ್ರಿ” ಎಂದು ಕೂಗಿದಳು. ಎರಡು ಸಲ ಸತ್ತೆವು. ಮೂರನೇ ಸಲ ಸೇತುವೆಯ ಬಾಯಿಗೆ ವಾಪಸ್ ಬಂದೆವು.

ಡೋರ್ವಾ ಹೇಸರಗತ್ತೆಯ ಕೊರಳು ಮುಟ್ಟಿ ನೋಡಿದಳು, ಬೆನ್ನು ಸವರಿದಳು. ನಮ್ಮ ಕಡೆ ತಿರುಗಿದಳು. ನಕ್ಕಳು. ಮೇಲಿನ ಒಂದು ಹಲ್ಲು ಇಲ್ಲ ಅವಳಿಗೆ.

“ನೋಡಿದ್ಯಾ?” ಅಂದಳು ಮದಿಹಾ.

“ನೋಡಿದೆ.”

ಸಂಜೆ ಬಸ್ಸಿಗೆ ಹೊರಡುವ ಮೊದಲು ಸುದ್ದಿ ಬರೆಯೋಣವೆಂದು ಕೂತೆವು. ಡೋರ್ವಾ ಎಷ್ಟು ಸೆಕೆಂಡು ನಕ್ಕಳು ಎಂದು ಆಕೆ ಕೇಳಿದಳು. ನಾನು ಗಡಿಯಾರ ನೋಡಿರಲಿಲ್ಲ. ಚಿತ್ರ ತೆಗೆದೆಯಾ ಎಂದು ಕೇಳಿದಳು. ತೆಗೆದಿರಲಿಲ್ಲ.

“ಪುರಾವಿ ಇಲ್ಲದ ಹೆಂಗ ಹಾಕೋದ್ರಿ ಸಂಪಾದಕರ?” ಅಂದಳು.

ಹೌದು, ಆಗುವುದಿಲ್ಲ. ಇನ್ನೊಮ್ಮೆ ಇಬ್ಬರೂ ಕೂತು ನೋಡಬೇಕು. ಮುಂದಿನ ರವಿವಾರವೂ ಬಸ್ಸು ಶಿಗ್ಗಾವಿ ಬಿಡುವುದು 8.20ಕ್ಕೆ. ಅವ್ವ ಈ ಸಲ ಆಕೆಗೆ ಆರು ರೊಟ್ಟಿ ಅಂದಿದ್ದಾಳೆ.